ಕಳಿಸುವ ಸಭೆ

ನನ್ನ ಗಂಡ ಬದುಕಿರುವಾಗಲೇ ಅವರ ಸಂತಾಪ ಸಭೆ ನಡೆದುಹೋಯಿತು. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ. ನಗಲಿ, ನಾನೂ ಮೊದಲು ನಕ್ಕವಳೇ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗು ಎಲ್ಲಿಗೆ ಹೋಗಿ ಮುಟ್ಟಿತು ಎಂದು ತಿಳಿಯಬೇಕಾದರೆ ಅವರ ಕೆಲಸ ಏನಿತ್ತು ಎನ್ನುವಲ್ಲಿಂದ ಶುರು ಮಾಡಬೇಕು.

ಅವರು ಒಂದು ದೊಡ್ಡ ಸಭಾಭವನದಲ್ಲಿ ಕಾರ್ಯಕ್ರಮಗಳ ಮೇಲ್ವಿಚಾರಕರಾಗಿದ್ದರು. ಕಂಪನಿಗಳು, ಸಂಘಗಳು, ಕಾರ್ಖಾನೆಗಳು ಬಾಡಿಗೆಗೆ ಹಿಡಿಯುವ ಭವನ ಅದು. ಅಲ್ಲಿ ಎಲ್ಲರೂ ಅವರನ್ನು ಗಂಟೆ ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರು ಯಾಕೆಂದರೆ, ಕೆಲಸಕ್ಕೆ ಹೊಸದಾಗಿ ಸೇರಿದವರನ್ನೆಲ್ಲ ಖಾಲಿ ಕುರ್ಚಿಗಳ ನಡುವೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಗಂಟೆ ಯಾಕೆಂದರೆ, ಭವನದ ಹಿಂದಿನ ಗೋಡೆಯಲ್ಲಿ, ಸ್ವಿಚ್ಚುಗಳ ಪಕ್ಕ, ಒಂದು ಹಿತ್ತಾಳೆಯ ಗಂಟೆ ನೇತುಹಾಕಿದ್ದರು. ಅದನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಆ ಪಾಠ ನನಗೆ ಬಾಯಿಪಾಠ. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡತಿಯ ಕಣ್ಣು ಮೂಗು ಹೊಗಳುವ ಹೊತ್ತಿನಲ್ಲಿ ಈ ಮನುಷ್ಯ ನನಗೆ ಸಭೆಗಳ ಚರಿತ್ರೆ ಹೇಳಿದ್ದರು. ಪ್ರಪಂಚದಲ್ಲಿ ನಡೆಯುವ ಕಾರ್ಯಕ್ರಮಗಳೆಲ್ಲ ನಾಲ್ಕೇ ವರ್ಗ: ಕೊಳ್ಳುವ ಸಭೆ, ಕೇಳುವ ಸಭೆ, ಕೂಡುವ ಸಭೆ, ಕಳಿಸುವ ಸಭೆ. ವಸ್ತುಪ್ರದರ್ಶನ, ಹೊಸ ಮಾಲಿನ ಬಿಡುಗಡೆ, ವಿತರಕರ ಸಮಾವೇಶ ಇವೆಲ್ಲ ಕೊಳ್ಳುವವು. ವಿಚಾರ ಸಂಕಿರಣ, ಪತ್ರಿಕಾಗೋಷ್ಠಿ, ಷೇರುದಾರರ ವಾರ್ಷಿಕ ಸಭೆ ಕೇಳುವವು. ಸಂಸ್ಥೆಯ ಬೆಳ್ಳಿಹಬ್ಬ, ಹಳೆಯ ವಿದ್ಯಾರ್ಥಿಗಳ ಕೂಟ ಕೂಡುವವು. ನಿವೃತ್ತಿಯ ಬೀಳ್ಕೊಡುಗೆ, ಮುಚ್ಚಿಹೋಗುವ ಕಾರ್ಖಾನೆಯ ಕೊನೆಯ ಸಭೆ, ಸಂತಾಪ ಸಭೆ ಕಳಿಸುವವು. "ಯಾವುದನ್ನ ಬೇಕಾದ್ರೂ ತಗೊಂಡ್ ಬಾ, ಈ ನಾಲ್ಕರಲ್ಲಿ ಒಂದಕ್ಕೆ ಹಾಕ್ತೀನಿ" ಎನ್ನುತ್ತಿದ್ದರು. ನಮ್ಮ ಮದುವೆಯನ್ನು ಯಾವುದಕ್ಕೆ ಹಾಕಿದಿರಿ ಎಂದು ಕೇಳಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮಪ್ಪನ ಕಡೆಯಿಂದ ನೋಡಿದ್ರೆ ಕಳಿಸೋದು" ಎಂದಿದ್ದರು. ಇಂಥವರ ಜೊತೆ ಸಂಸಾರ ಮಾಡಿದವಳು ನಾನು.

ನಾಲ್ಕರಲ್ಲಿ ಹಿರಿಯದು ಕಳಿಸುವ ಸಭೆ ಎನ್ನುವುದು ಅವರ ಸಿದ್ಧಾಂತ. ಗುಹೆಯ ಬಾಗಿಲಲ್ಲಿ ಯಾರೋ ಒಬ್ಬ ಸತ್ತು ಬಿದ್ದಿದ್ದಾನೆ, ಉಳಿದವರಿಗೆ ಏನು ಮಾಡಬೇಕೋ ತೋಚಲಿಲ್ಲ, ಸುತ್ತ ನಿಂತರು, ಸುಮ್ಮನಾದರು. ಅದೇ ಮೊದಲ ಕಾರ್ಯಕ್ರಮವಂತೆ. ಆಮೇಲೆ ಬಂದದ್ದು ಕೊಳ್ಳುವ ಸಭೆ: ಒಬ್ಬರ ಮಾತು ಒಬ್ಬರಿಗೆ ತಿಳಿಯದ ಎರಡು ಗುಂಪಿನವರು ಒಂದು ಬಂಡೆಯ ಮೇಲೆ ತಮ್ಮ ತಮ್ಮ ಸಾಮಾನಿಟ್ಟು, ಹಿಂದೆ ಸರಿದು ಕಾಯುತ್ತಿದ್ದರಂತೆ. ಯಾವನೋ ಒಬ್ಬ ಆ ಬಂಡೆಯನ್ನೇ ಹತ್ತಿ ನಿಂತ ದಿನ ಕೇಳುವ ಸಭೆ ಹುಟ್ಟಿತು. ಇವತ್ತಿನ ವೇದಿಕೆಗಳೆಲ್ಲ ಅದೇ ಬಂಡೆ. ಕೂಡುವ ಸಭೆ ಎಲ್ಲಕ್ಕಿಂತ ಕಿರಿಯದು, ಹೊಟ್ಟೆ ತುಂಬಿದ ಮೇಲೆ ಹುಟ್ಟಿದ್ದು. ಇದೆಲ್ಲ ಯಾವ ಪುಸ್ತಕದಲ್ಲಿದೆ ಎಂದು ಯಾರಾದರೂ ಕೇಳಿದರೆ, "ಕುರ್ಚಿಗಳಲ್ಲಿದೆ, ನೋಡೋಕೆ ಬರಬೇಕು" ಎನ್ನುತ್ತಿದ್ದರು.

ಕುರ್ಚಿಯೇ ಅವರಿಗೆ ಪ್ರಮಾಣ. ಪ್ರತಿ ವರ್ಗಕ್ಕೂ ಒಂದು ಜೋಡಣೆ. ಕಳಿಸುವ ಸಭೆಗೆ ನೇರ ಸಾಲುಗಳು, ನಡುವೆ ದಾರಿ, ವೇದಿಕೆಯ ಮೇಲೆ ಒಂದೇ ಕುರ್ಚಿ. ಬೀಳ್ಕೊಡುಗೆಯಾದರೆ ಹೋಗುವವರು ಆ ಕುರ್ಚಿಯಲ್ಲಿ ಕೂತಿರುತ್ತಾರೆ. ಸಂತಾಪವಾದರೆ ಕುರ್ಚಿ ಖಾಲಿ, ಪಕ್ಕದಲ್ಲಿ ಫೋಟೊ. ವ್ಯತ್ಯಾಸ ಅಷ್ಟೇ. ಹಿಂದೊಮ್ಮೆ ಒಬ್ಬ ನಿರೂಪಕ ತಪ್ಪು ಹಾಳೆ ಓದಿ, ತೀರಿಹೋದ ಕಾರ್ಖಾನೆ ಮಾಲೀಕರಿಗೆ ಅವರ ಹೆಂಡತಿಯ ಎದುರಿಗೇ ದೀರ್ಘಾಯುಷ್ಯ ಹಾರೈಸಿಬಿಟ್ಟಿದ್ದ. ಅಂದಿನಿಂದ ಇವರೊಂದು ನಿಯಮ ಮಾಡಿದರು: ಹಾಳೆ ನೋಡಿ ಮಾತಾಡಬೇಡಿ, ಕುರ್ಚಿ ನೋಡಿ ಮಾತಾಡಿ. ಇನ್ನೊಂದು ನಿಯಮ ಮೌನದ್ದು. ಮೌನಾಚರಣೆ ಶುರುವಾದ ಮೇಲೆ ಯಾರೂ ಅಲುಗುವಂತಿಲ್ಲ, ಹಿಂದಿನಿಂದ ಗಂಟೆ ಕೇಳುವವರೆಗೆ ಕೂರುವಂತಿಲ್ಲ. ಆ ಗಂಟೆಯ ಪಕ್ಕದಲ್ಲಿ, ಜನರ ಬೆನ್ನುಗಳನ್ನು ನೋಡುತ್ತ, ನನ್ನ ಗಂಡ ತಮ್ಮ ಆಯುಷ್ಯವೆಲ್ಲ ನಿಂತಿದ್ದರು.

ಅವರ ನಿವೃತ್ತಿಯ ದಿನ ನಾನು ಮತ್ತು ನಾದಿನಿ ಹೊರಡುವುದು ತಡವಾಯಿತು. ನಾದಿನಿ ನಮ್ಮ ಜೊತೆಯಲ್ಲೇ ಇರುವವಳು, ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಊರವರ ಬಟ್ಟೆಯನ್ನೆಲ್ಲ ಹೇಳಿದ ಹೊತ್ತಿಗೆ ಕೊಡುವವಳು ತನ್ನ ಬಟ್ಟೆಗೆ ಮಾತ್ರ ಕೊನೇ ಗಳಿಗೆಯಲ್ಲಿ ಗುಂಡಿ ಹಚ್ಚಲು ಕೂರುತ್ತಾಳೆ. ನಾವು ಭವನ ಮುಟ್ಟುವ ಹೊತ್ತಿಗೆ ಗಾಜಿನ ಬಾಗಿಲಿನಿಂದ ಜನ ಹೊರಗೆ ಬರುತ್ತಿದ್ದರು. ಯಾರ ಮುಖದಲ್ಲೂ ನಗುವಿಲ್ಲ. ಲೆಕ್ಕಪತ್ರ ವಿಭಾಗದ ಹೆಂಗಸೊಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡು, "ಧೈರ್ಯ ತಂದ್ಕೊಳ್ಳಿ" ಎಂದಳು. ಕೈ ಬಿಡಿಸಿಕೊಂಡು ಒಳಗೆ ಓಡಿದೆ.

ವೇದಿಕೆಯ ಮೇಲೆ ಮಬ್ಬು ಬೆಳಕು, ಖಾಲಿ ಕುರ್ಚಿ, ಪಕ್ಕದಲ್ಲಿ ನನ್ನ ಗಂಡನ ದೊಡ್ಡ ಫೋಟೊ. ಯಾರನ್ನಾದರೂ ಕೇಳೋಣ ಎಂದು ಹಿಂದಕ್ಕೆ ತಿರುಗಿದೆ. ಗಂಟೆಯ ಪಕ್ಕದಲ್ಲಿ ಅವರೇ ನಿಂತಿದ್ದಾರೆ, ಕೈಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು. ಹೋಗಿ ಅವರ ತೋಳು ಹಿಡಿದು ಅಲ್ಲಾಡಿಸಿದೆ. ಬೆಚ್ಚಗಿತ್ತು.

ಆದದ್ದು ಇಷ್ಟು. ಫೋಟೊ ಅವರಿಗೆ ಉಡುಗೊರೆ ಕೊಡಲು ಮಾಡಿಸಿದ್ದು. ಕುರ್ಚಿ ಜೋಡಿಸುವವರ ಮುಖ್ಯಸ್ಥನನ್ನು ಎಲ್ಲರೂ ಕುರ್ಚಿ ಮಾಮ ಎನ್ನುತ್ತಾರೆ. ಅವನು ಬೇರೆಲ್ಲೂ ಜಾಗ ಕಾಣದೆ ಅದನ್ನು ವೇದಿಕೆಯ ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿದ. ಫೋಟೊ ಕಂಡ ದೀಪದವನು ಅಭ್ಯಾಸಬಲದಿಂದ ದೀಪ ಮಬ್ಬು ಮಾಡಿದ. ಇವರು ಹತ್ತಿ ಕೂರಬೇಕಿತ್ತು. ಹತ್ತಲು ಸಂಕೋಚ, ಯಾರಾದರೂ ಕರೆಯಲಿ ಎಂದು ತಮ್ಮ ಜಾಗದಲ್ಲೇ ನಿಂತರು. ನಿರೂಪಕಿ ಇವರೇ ತಯಾರು ಮಾಡಿದ ಹೆಣ್ಣುಮಗಳು. ಮೈಕಿನ ಮುಂದೆ ಬಂದು, ಕಲಿಸಿದ ಹಾಗೆ ಹಾಳೆ ಮಡಿಚಿಟ್ಟು, ಕುರ್ಚಿ ನೋಡಿದಳು. ಖಾಲಿ. ಪಕ್ಕದಲ್ಲಿ ಫೋಟೊ. "ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ" ಎಂದು ಅವಳ ಬಾಯಿಂದ ತಾನೇ ತಾನಾಗಿ ಬಂದುಬಿಟ್ಟಿತು.

ಸಭೆ ಎದ್ದು ನಿಂತಿತು. ನಾಲ್ಕು ಜನ ಎದ್ದ ಮೇಲೆ ಐದನೆಯವನು ಕೂತಿರುವುದುಂಟೇ? ಬೆಳಗ್ಗೆ ಇವರ ಜೊತೆ ಕಾಫಿ ಕುಡಿದವರೂ ಎದ್ದರು. ಆಮೇಲೆ ಕೇಳಿದರೆ, ಬೆಳಗ್ಗೆಯಿಂದ ಇಷ್ಟರೊಳಗೆ ಏನೋ ಆಗಿಹೋಗಿದೆ ಅಂದುಕೊಂಡೆವು ಎಂದರು. ಮೌನ ಶುರುವಾದ ಮೇಲೆ ಅಲುಗುವಂತಿಲ್ಲ ಎನ್ನುವುದು ಇವರದೇ ನಿಯಮವಲ್ಲವೇ, ಇವರೂ ತಲೆ ತಗ್ಗಿಸಿ ನಿಂತರು. ಗಂಟೆ ಬಾರಿಸಬೇಕಾದವರು ಇವರು. ಬಾರಿಸಲಿಲ್ಲ. ಜನ ಕಾದರು, ಕೆಮ್ಮಿದರು, ಕಾಲು ಬದಲಿಸಿದರು. ಕೊನೆಗೆ ಒಬ್ಬೊಬ್ಬರಾಗಿ ಸದ್ದಿಲ್ಲದೆ ಹೊರಟರು, ಇವರ ಪಕ್ಕದಲ್ಲೇ ಹಾದು, ಒಬ್ಬರೂ ಕತ್ತೆತ್ತದೆ.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ನಕ್ಕೆ. "ಎಷ್ಟು ಜನಕ್ಕೆ ಸಿಗುತ್ತೆ ಈ ಭಾಗ್ಯ? ಯಾರು ಅತ್ತರು, ಯಾರು ಅತ್ತ ಹಾಗೆ ಮಾಡಿದ್ರು ಅಂತ ಕಣ್ಣಾರೆ ನೋಡ್ಕೊಂಡ್ರಲ್ಲ" ಎಂದೆ. ನಾದಿನಿ, "ಅಣ್ಣ, ನಿನ್ನ ಪಾಠ ನಿನಗೇ ತಿರುಗಿ ಬಿತ್ತು ನೋಡು" ಎಂದು ಕಾಲೆಳೆದಳು. ಅವರು ನಗಲಿಲ್ಲ.

"ಗಂಟೆ ಆಗಿಲ್ಲ. ಸಭೆ ಇನ್ನೂ ಮುಗಿದಿಲ್ಲ" ಎಂದರು.

ಮರುದಿನ ಸಂಜೆ, ಸಭೆ ನಡೆದ ಹೊತ್ತಿಗೆ ಸರಿಯಾಗಿ, ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿಯಿಂದ ನೀರು ಬೀಳುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಕಿವಿ ಕಟ್ಟಿಕೊಂಡಿತೇನೋ ಎಂದು ಬೆರಳು ಹಾಕಿ ಅಲ್ಲಾಡಿಸಿದೆ. ಆಚೆ ಕೋಣೆಯಲ್ಲಿ ನಾದಿನಿಯ ಯಂತ್ರ ಓಡುತ್ತಿತ್ತು, ಸೂಜಿ ಮೇಲೆ ಕೆಳಗೆ ಆಗುತ್ತಿತ್ತು, ಅದಕ್ಕೂ ಸದ್ದಿಲ್ಲ. ಅವಳು ತಲೆಯೆತ್ತಿ ನನಗೆ ಏನೋ ಹೇಳಿದಳು, ತುಟಿ ಮಾತ್ರ ಅಲುಗಿತು. ಗಾಬರಿಯಲ್ಲಿ ನನ್ನ ಕೈಯ ತಟ್ಟೆ ಜಾರಿತು. ನೆಲಕ್ಕೆ ಬಿದ್ದು ಒಡೆದದ್ದು ಕಣ್ಣಿಗೆ ಕಂಡಿತು, ಕಿವಿಗೆ ತಲುಪಲಿಲ್ಲ. ಬಾಗಿಲ ಹಿಂದೆ ನನ್ನ ಗಂಡ ಎದ್ದು ನಿಂತಿದ್ದರು, ಕೈಕಟ್ಟಿ, ತಲೆ ತಗ್ಗಿಸಿ. ಎರಡು ನಿಮಿಷವಾಗಿರಬೇಕು. ಆಮೇಲೆ ನೀರು, ಯಂತ್ರ, ನಾದಿನಿಯ "ಅತ್ತಿಗೇ" ಎಂಬ ಕೂಗು ಎಲ್ಲ ಒಟ್ಟಿಗೇ ಕೇಳಿಸಿದವು.

ಪ್ರತಿ ಸಂಜೆಯೂ ಹಾಗೇ ಆಗತೊಡಗಿತು. ನಾನೂ ನಾದಿನಿಯೂ ಕಿವಿಯ ವೈದ್ಯರ ಬಳಿ ಹೋದೆವು, ಅವರನ್ನೂ ಕರೆದುಕೊಂಡು. ವೈದ್ಯರು ನನ್ನ ಕಿವಿ ನೋಡಿದರು, ನಾದಿನಿಯ ಕಿವಿ ನೋಡಿದರು, "ಇಬ್ಬರದೂ ಚೆನ್ನಾಗಿದೆ, ಹೋಗಿ ಬನ್ನಿ" ಎಂದರು. ಮೂರನೆಯ ಕುರ್ಚಿಯಲ್ಲಿ ಕೂತಿದ್ದವರನ್ನು ಒಂದು ಮಾತೂ ಕೇಳಲಿಲ್ಲ. ಅತ್ತ ಕಣ್ಣೂ ಹಾಯಿಸಲಿಲ್ಲ. ನನಗೆ ಆಗ ಮೊದಲ ಸಲ ಬೇರೆ ಥರದ ಹೆದರಿಕೆ ಹುಟ್ಟಿತು.

ಆಮೇಲೆ ಗಮನಿಸುತ್ತ ಹೋದೆ. ಬೀದಿಯಲ್ಲಿ ಎದುರಿಗೆ ಬರುವವರು ನನಗೆ ದಾರಿ ಬಿಡುತ್ತಿದ್ದರು, ಅವರಿಗೆ ಬಿಡುತ್ತಿರಲಿಲ್ಲ. ಮೂಲೆಯ ಅಂಗಡಿಯವನು ಸಾಬೂನು ಕಟ್ಟಿಕೊಡುತ್ತ, "ಒಳ್ಳೆ ಮನುಷ್ಯರು, ಪಾಪ" ಎಂದ. ಒಳ್ಳೆ ಮನುಷ್ಯರು ನನ್ನ ಪಕ್ಕದಲ್ಲೇ ಚೀಲ ಹಿಡಿದುಕೊಂಡು ನಿಂತಿದ್ದರು. "ನಾಲಿಗೆ ಬಿಗಿ ಹಿಡಿದು ಮಾತಾಡು" ಎಂದು ಅವನಿಗೆ ಗದರಿ ಬಂದೆ. ಅವನು ಮುಖ ಸಪ್ಪಗೆ ಮಾಡಿಕೊಂಡ, ದುಃಖದಲ್ಲಿರುವ ಹೆಂಗಸು ಏನೋ ಅಂದಳು ಎನ್ನುವ ಹಾಗೆ. ಮಾತಿಗೆ ಮಾತು ಕೊಡುವವನನ್ನು ಎದುರಿಸಬಹುದು, ಕನಿಕರ ತೋರಿಸುವವನ ಜೊತೆ ಜಗಳವಾಡುವುದಾದರೂ ಹೇಗೆ.

ಅವರ ದನಿ ಸಣ್ಣಗಾಯಿತು. ನಡೆದರೆ ಹೆಜ್ಜೆಯ ಸದ್ದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಆದದ್ದು ಮನೆಯಲ್ಲೇ. ಒಂದು ಮಧ್ಯಾಹ್ನ ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಾದಿನಿ ಕೈಯಲ್ಲಿ ಬಟ್ಟೆಯ ರಾಶಿ ಹಿಡಿದುಕೊಂಡು ಬಂದವಳು ಸೀದಾ ಆ ಕುರ್ಚಿಯಲ್ಲೇ ಕೂರಲು ಹೋದಳು. ಅವರು ತಟಕ್ಕನೆ ಎದ್ದು ಸರಿದರು. ಅವಳು ಕೂತು, ಹೊಲಿಗೆ ಬಿಚ್ಚುತ್ತ, "ಅತ್ತಿಗೆ, ಅಣ್ಣ ಎಲ್ಲಿ ಹೋದ?" ಎಂದಳು. ಬೆನ್ನ ಹಿಂದೆಯೇ ನಿಂತಿದ್ದಾರೆ ಎಂದೆ. ತಿರುಗಿದಳು, ಕಣ್ಣು ಕಿರಿದು ಮಾಡಿ ಹುಡುಕಿದಳು, ಕಂಡ ಮೇಲೆ ಕತ್ತರಿ ಕೆಳಗಿಟ್ಟಳು. "ಒಡಹುಟ್ಟಿದವನು ನನಗೇ ಕಾಣ್ಲಿಲ್ಲ" ಎಂದು ಅವತ್ತೆಲ್ಲ ಅತ್ತಳು. ರಾತ್ರಿ ಊಟಕ್ಕೆ ಅವಳೇ ತಟ್ಟೆ ಹಾಕಿದಳು. ಎರಡೇ ಹಾಕಿದ್ದಳು.

ಸುಮ್ಮನೆ ಕೂರುವ ಜಾತಿಯವಳಲ್ಲ ನಾನು. ಭವನಕ್ಕೆ ಹೋಗಿ ನಾಲ್ಕು ಜನ ಹಳಬರ ಜೊತೆ ಮಾತಾಡಿಸಿದರೆ ಸರಿಹೋದೀತು ಎಂದು ಅವರನ್ನು ಹೊರಡಿಸಿಕೊಂಡು ಹೋದೆ. ಅಲ್ಲಿಯ ಗಾಜಿನ ಬಾಗಿಲು ಮನುಷ್ಯರು ಹತ್ತಿರ ಬಂದರೆ ತಾನೇ ತೆರೆಯುವಂಥದ್ದು. ನನಗೆ ತೆರೆಯಿತು. ನಾನು ಒಳಗೆ ಕಾಲಿಟ್ಟೆ, ಅವರ ಮುಖದ ಮೇಲೇ ಮುಚ್ಚಿಕೊಂಡಿತು. ಗಾಜಿನ ಆಚೆ ಅವರು ನಿಂತಿದ್ದರು, ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬಂದರು, ಬಾಗಿಲು ಅಲುಗಲಿಲ್ಲ. ಎಷ್ಟೋ ವರ್ಷ ಬೆಳಗ್ಗೆ ಬೀಗ ತೆಗೆದವರು ಅವರು. ನಾನು ವಾಪಸ್ ಬಂದೆ. ಅವರ ಕೈ ಹಿಡಿದುಕೊಂಡು, ಅಂಟಿಕೊಂಡ ಹಾಗೆ ನಡೆಸಿ, ಒಳಗೆ ತಂದೆ.

ಒಳಗೆ ಹೊಸ ಮ್ಯಾನೇಜರ್ ಇದ್ದರು. ನಾನು, "ನಮ್ಮೆಜಮಾನರಿಗೆ ಅವತ್ತು ಸರಿಯಾಗಿ ಬೀಳ್ಕೊಡುಗೆ ಆಗ್ಲಿಲ್ಲ. ಇನ್ನೊಂದ್ಸಲ ಮಾಡ್ಬೇಕು" ಎಂದೆ.

"ಆಗಲ್ಲಮ್ಮ. ಕಳಿಸೋ ಸಭೆ ಒಬ್ಬರಿಗೆ ಒಂದೇ ಸಲ" ಎಂದರು ಅವರು. "ನಾನು ಮಾಡಿದ ನಿಯಮ ಅಲ್ಲ. ಮೇಷ್ಟ್ರದ್ದೇ. ಅವರಿದ್ದಿದ್ರೆ ಅವರೂ ಇದನ್ನೇ ಹೇಳ್ತಿದ್ರು."

"ಇದಾರೆ" ಎಂದೆ.

ಮ್ಯಾನೇಜರ್ ನಾನು ತೋರಿಸಿದ ಕಡೆ ಮರ್ಯಾದೆಗೆ ಒಮ್ಮೆ ನೋಡಿದರು. ನನ್ನ ಗಂಡ ನನ್ನ ಕಿವಿಯಲ್ಲಿ, "ಅವರು ಹೇಳೋದು ಸರಿ" ಎಂದರು. ನನಗೆ ಇಬ್ಬರ ಮೇಲೂ ಮೈಯೆಲ್ಲ ಉರಿಯಿತು.

ಅವತ್ತಿನ ಸಂಜೆ ಮೌನ ತುಂಬ ಉದ್ದವಾಗಿತ್ತು. ಕಿಟಕಿಯಾಚೆ ಬೀದಿದೀಪ ಹತ್ತಿಕೊಂಡಿತು, ಆದರೂ ಸದ್ದು ಮರಳಲಿಲ್ಲ. ಬಾಗಿಲ ಹಿಂದೆ ನೋಡಿದೆ, ಅವರಿರಲಿಲ್ಲ. ಇದ್ದರು, ಆದರೆ ಕಣ್ಣು ಅಲ್ಲಿ ನಿಲ್ಲದೆ ಜಾರಿ ಗೋಡೆಗೆ ಹೋಗುತ್ತಿತ್ತು. ಕೈಚಾಚಿ ತಡಕಿದೆ. ಅಂಗಿಯ ತೋಳು ಸಿಕ್ಕಿತು. ಸದ್ದು ವಾಪಸ್ ಬರುವವರೆಗೂ ಅದನ್ನೇ ಹಿಡಿದುಕೊಂಡು ನಿಂತೆ. ಹೀಗೇ ಹೋದರೆ ಒಂದು ಸಂಜೆ ಮೌನ ಮುಗಿಯುವುದಿಲ್ಲ, ಇವರೂ ಇರುವುದಿಲ್ಲ ಎನ್ನುವುದು ನನಗೆ ಖಚಿತವಾಯಿತು.

ಬೆಳಗ್ಗೆ ಅವರ ದನಿ ಸ್ವಲ್ಪ ಚೆನ್ನಾಗಿರುತ್ತಿತ್ತು. ಕಾಫಿ ಕೊಟ್ಟು ಎದುರಿಗೆ ಕೂತೆ.

"ಒಂದು ಕೇಳ್ತೀನಿ, ನಿಯಮ ಗಿಯಮ ಅನ್ಬೇಡಿ. ಅವತ್ತು ಯಾಕ್ರೀ ಬಾರಿಸ್ಲಿಲ್ಲ?"

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಎರಡು ನಿಮಿಷ ಆಗಿತ್ತು. ಕೈ ಎತ್ತಿದ್ದೆ" ಎಂದರು. "ಆಗ ಅನ್ನಿಸ್ತು, ಗಂಟೆ ತಡ ಆದ್ರೆ ಯಾರಾದ್ರೂ ತಿರುಗಿ ನೋಡೇ ನೋಡ್ತಾರೆ, ನೋಡಿದ ಮೇಲೆ ಬಾರಿಸೋಣ ಅಂತ. ಕಾದೆ."

"ಆಮೇಲೆ?"

"ಎಲ್ಲಾ ಮುಂದೆ ಫೋಟೊ ನೋಡ್ತಿದ್ರು."

"ನಾನು ನೋಡ್ತೀನಲ್ಲ ದಿನಾ, ಸಾಲದಾ?" ಎಂದೆ.

"ನೀನು ಆ ಸಭೇಲಿ ಇರ್ಲಿಲ್ವಲ್ಲ" ಎಂದರು. ದೂರಿನ ಮಾತಲ್ಲ ಅದು, ವರ್ಗೀಕರಣ ಹೇಳುವ ದನಿಯಲ್ಲೇ ಹೇಳಿದರು.

ನಾನು ಅವತ್ತೇ ಕುರ್ಚಿ ಮಾಮನ ಮನೆಗೆ ಹೋದೆ. ಬೈದು ಬರೋಣ ಎಂದೇ ಹೋದದ್ದು. ಹೋಗಿ ನೋಡಿದರೆ ಅವನೂ ಸೊರಗಿದ್ದ. ಭವನದಲ್ಲೂ ಏನೋ ಕೆಟ್ಟಿದೆ ಎಂದ. ಮೇಷ್ಟ್ರು ಹೋದ ಮೇಲೆ ಆ ಗಂಟೆ ಯಾರು ಬಾರಿಸಿದರೂ ಸದ್ದು ಮಾಡುವುದಿಲ್ಲವಂತೆ. ನಾಲಿಗೆ ಹಿತ್ತಾಳೆಗೆ ಬಡಿಯುವುದು ಕಾಣುತ್ತದೆ, ಅಷ್ಟೇ. ಸಂತಾಪ ಸಭೆಗೆ ಎದ್ದು ನಿಂತ ಜನ ಕೂರಲಾರದೆ ನಿಂತೇ ಇರುತ್ತಾರಂತೆ, ಆಮೇಲೆ ಒಬ್ಬೊಬ್ಬರಾಗಿ ಹೊರಗೆ ಹೋಗುತ್ತಾರಂತೆ. ನಿರೂಪಕಿ ಮೈಕು ಹಿಡಿಯಲು ಹೆದರುತ್ತಿದ್ದಾಳೆ. ಮ್ಯಾನೇಜರ್ ಬೇರೆ ಗಂಟೆ ತರಿಸಿ ಹಾಕಿಸಿದರು, ಅದೂ ಮೂಕ.

"ಎಲ್ಲರನ್ನೂ ಕರೀರಿ. ಅವತ್ತು ಎದ್ದು ನಿಂತವರೆಲ್ಲ ಬರ್ಬೇಕು" ಎಂದೆ. "ಮ್ಯಾನೇಜರಿಗೆ ಹೇಳಿ, ಇದು ಹೊಸ ಸಭೆ ಅಲ್ಲ. ಹಳೇದು, ಮುಗಿಸೋಕೆ ಬಾಕಿ ಇದೆ. ಮುಗಿಸದೆ ಹೋದ್ರೆ ನಿಮ್ಮ ಗಂಟೆ ಮತ್ತೆ ಬಾಯಿ ಬಿಡಲ್ಲ."

"ಜೋಡಣೆ ಹಾಗೇ ಇಡ್ಲಾ? ನೇರ ಸಾಲು, ನಡುವೆ ದಾರಿ?"

"ಸಾಲು ಹಾಗೇ ಇರ್ಲಿ. ಕುರ್ಚಿ ಎಲ್ಲಾ ತಿರುಗಿಸಿ."

ಅವನಿಗೆ ಅರ್ಥವಾಗಲಿಲ್ಲ. ವೇದಿಕೆಗೆ ಬೆನ್ನು, ಹಿಂದಿನ ಗೋಡೆಗೆ ಮುಖ ಎಂದು ಬಿಡಿಸಿ ಹೇಳಿದೆ. ಅವನ ಮುಖ ಹುಳ್ಳಗಾಯಿತು. "ಅಕ್ಕಾ, ಯಾವ ವರ್ಗದಲ್ಲೂ ಹಾಗಿಲ್ಲ. ವೇದಿಕೆಗೆ ಬೆನ್ನು ಮಾಡಿ ಕೂರೋದು ಅಂದ್ರೆ ಅವಮಾನ. ಮೇಷ್ಟ್ರು ಖಂಡಿತ ಒಪ್ಪಲ್ಲ."

"ಮೇಷ್ಟ್ರನ್ನ ಕಟ್ಕೊಂಡಿರೋಳು ನಾನು. ನೀವು ತಿರುಗಿಸಿ" ಎಂದೆ.

ಒಂದು ಸಂಜೆ, ಅದೇ ಹೊತ್ತಿಗೆ, ಸಭೆ ಸೇರಿತು. ಎಲ್ಲರೂ ಬಂದಿರಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನವಿದ್ದರು. ಬಂದವರು ತಿರುಗಿಸಿದ ಕುರ್ಚಿಗಳನ್ನು ಕಂಡು ಮುಖ ಮುಖ ನೋಡಿಕೊಂಡರು, ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಮುದುಡಿ ಕೂತರು. ಮ್ಯಾನೇಜರ್ ಒಂದು ಬದಿಗೆ ನಿಂತಿದ್ದರು. ನಾನು ನನ್ನ ಗಂಡನನ್ನು ಕೈ ಹಿಡಿದು ಕರೆತಂದು ಗಂಟೆಯ ಪಕ್ಕ ನಿಲ್ಲಿಸಿದೆ. ನಿಲ್ಲಿಸುವಾಗ ಅವರು ನನಗೂ ಸರಿಯಾಗಿ ಕಾಣುತ್ತಿರಲಿಲ್ಲ. ಅಂಗೈಯಲ್ಲಿ ಅಂಗೈ ಇದೆ ಎಂಬುದೊಂದೇ ಗುರುತು. ಅದನ್ನೂ ಬಿಟ್ಟು ಮುಂದಿನ ಸಾಲಿಗೆ, ಅಂದರೆ ನಿನ್ನೆಯವರೆಗೆ ಕಡೆಯ ಸಾಲಾಗಿದ್ದಲ್ಲಿಗೆ, ಬಂದು ನಾದಿನಿಯ ಪಕ್ಕ ನಿಂತೆ. ಆ ಕೈ ಬಿಡುವುದು ನನ್ನ ಜನ್ಮದಲ್ಲೇ ಕಷ್ಟದ ಕೆಲಸವಾಗಿತ್ತು.

ನಿರೂಪಕಿ ಮೈಕಿಲ್ಲದೆ, ನಮ್ಮೆಲ್ಲರ ಜೊತೆ ಗೋಡೆಯ ಕಡೆ ಮುಖ ಮಾಡಿ, ಅವತ್ತಿನ ಮಾತನ್ನೇ ಹೇಳಿದಳು. "ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ." ಕೊನೆಯ ಪದ ಅವಳ ತುಟಿಯಲ್ಲಷ್ಟೇ ಕಂಡಿತು. ಮೌನ ಇಳಿದಿತ್ತು. ಫ್ಯಾನುಗಳು ತಿರುಗುತ್ತಿದ್ದವು, ಸದ್ದಿರಲಿಲ್ಲ. ಜನ ಎದ್ದಾಗ ಕುರ್ಚಿಗಳು ಸರಿದವು, ಸದ್ದಿರಲಿಲ್ಲ. ಯಾರೋ ಹೆದರಿ ಬಾಯಿ ತೆರೆದರು, ಅದೂ ಕೇಳಿಸಲಿಲ್ಲ. ನಮ್ಮ ಮುಂದೆ ಬಿಳಿ ಗೋಡೆ, ಸ್ವಿಚ್ಚುಗಳು, ಗಂಟೆ. ಬೇರೆ ಯಾರೂ ಇಲ್ಲ.

ಜನ ನೋಡಿದರು. ನನ್ನ ಎಡಕ್ಕೆ ಲೆಕ್ಕಪತ್ರದ ಹೆಂಗಸು, ಅವಳಾಚೆ ದೀಪದವನು, ಹಿಂದೆ ಕುರ್ಚಿ ಮಾಮ, ಎಲ್ಲರೂ ಖಾಲಿ ಗೋಡೆಯನ್ನೇ ನೋಡುತ್ತಿದ್ದರು. ಕೆಲವರ ತಲೆ ಅಭ್ಯಾಸದಂತೆ ತಗ್ಗಿತು. ನಾನು ಸಾಲಿನ ಉದ್ದಕ್ಕೂ ಹೋಗಿ ಗಲ್ಲ ಹಿಡಿದು ಎತ್ತಿದೆ. ಮೌನದಲ್ಲಿ ಅಲುಗಬಾರದು ಎನ್ನುವ ನಿಯಮ ನನಗೇನೂ ಅನ್ವಯಿಸುವುದಿಲ್ಲ, ನಾನು ಆ ಭವನದ ಸಂಬಳ ತಿಂದವಳಲ್ಲ. ಎರಡು ನಿಮಿಷ ಆಗಿಹೋಯಿತು. ಇನ್ನೂ ಅಷ್ಟೇ ಹೊತ್ತು ಕಳೆಯಿತು. ಅವರು ಬಾರದಿದ್ದರೆ ಏನು ಮಾಡಲಿ? ನಾನೇ ಅವರ ಕೈ ಬಿಟ್ಟು ಕಳಿಸಿಕೊಟ್ಟೆನೇ ಎಂದು ಅನ್ನಿಸಿ ಕಣ್ಣು ಮಂಜಾಯಿತು.

ಮೊದಲು ಅವರನ್ನು ಕಂಡವಳು ನಿರೂಪಕಿ. ಅವಳ ಕಣ್ಣು ಒಂದು ಕಡೆ ನೆಟ್ಟು ಅಲ್ಲೇ ನಿಂತಿತು. ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕುರ್ಚಿ ಮಾಮನ ಮುಖ ಬದಲಾಯಿತು. ಒಬ್ಬೊಬ್ಬರಿಗೇ ಕಾಣುತ್ತ ಹೋದ ಹಾಗೆ ಗೋಡೆಯ ಮುಂದೆ ಅವರು ಗಟ್ಟಿಯಾಗುತ್ತ ಬಂದರು: ಮೊದಲು ಕಟ್ಟಿದ ಕೈಗಳು, ಆಮೇಲೆ ಸವೆದ ಬೂಟು, ತಗ್ಗಿಸಿದ ತಲೆ. ತಲೆ ಎತ್ತಿದರು. ಬೆನ್ನುಗಳನ್ನೇ ನೋಡಿ ಮುದುಕನಾದ ಮನುಷ್ಯ ಅಷ್ಟೂ ಮುಖಗಳನ್ನು ಒಂದರ ಮೇಲೊಂದು ನೋಡಿದರು, ಒಬ್ಬರನ್ನೂ ಬಿಡದೆ, ಎಲ್ಲಿಯೂ ಅವಸರ ಮಾಡದೆ. ಕೈ ಎತ್ತಿ ಗಂಟೆ ಬಾರಿಸಿದರು.

ಕೇಳಿಸಿತು. ಅದರ ಹಿಂದೆಯೇ ಫ್ಯಾನು, ಕುರ್ಚಿ, ಕೆಮ್ಮು, ಹೊರಗಿನ ಬೀದಿ ಎಲ್ಲವೂ. ನಿರೂಪಕಿ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು, ನಾದಿನಿ "ಅಣ್ಣ" ಎಂದದ್ದು ಕೇಳಿಸಿತು.

"ಕೂತ್ಕೊಳ್ಳಿ" ಎಂದರು ನನ್ನ ಗಂಡ. ದನಿ ಗಟ್ಟಿಯಾಗಿತ್ತು. ಎಲ್ಲರೂ ಕೂತರು. ಅವರು ಸಾಲುಗಳ ಮೇಲೆ ಕಣ್ಣು ಹಾಯಿಸಿ, "ಎರಡನೇ ಸಾಲು ಡೊಂಕಾಗಿದೆ" ಎಂದರು. ಕುರ್ಚಿ ಮಾಮ ಓಡಿಹೋಗಿ ಸರಿಮಾಡಿದ, ಕಣ್ಣೊರೆಸಿಕೊಳ್ಳುತ್ತಲೇ.

ಮ್ಯಾನೇಜರ್ ಹತ್ತಿರ ಬಂದು, "ಮೇಷ್ಟ್ರೇ, ಇದನ್ನ ಯಾವ ವರ್ಗಕ್ಕೆ ಹಾಕ್ಲಿ?" ಎಂದು ಮೆಲ್ಲಗೆ ಕೇಳಿದರು. ನನ್ನ ಗಂಡ ವೇದಿಕೆಗೆ ಬೆನ್ನು ಮಾಡಿ ಕೂತ ಜನರನ್ನು ಇನ್ನೊಮ್ಮೆ ನೋಡಿದರು.

"ಗೊತ್ತಿಲ್ಲ. ಇದು ನಾಲ್ಕರಲ್ಲಿ ಸೇರಲ್ಲ" ಎಂದರು.

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಹೊರಡುವಾಗ ಅವರನ್ನೇ ಮುಂದೆ ಬಿಟ್ಟೆ. ಗಾಜಿನ ಬಾಗಿಲು ಅವರಿಗೆ ತೆರೆಯಿತು.

ಈಗ ನಮ್ಮ ಮನೆ ಮೊದಲಿನ ಹಾಗೇ ಇದೆ. ಮೂರು ತಟ್ಟೆ ಬೀಳುತ್ತವೆ. ಅಂಗಡಿಯವನು ಅವರಿಗೆ ಚಿಲ್ಲರೆ ಕೊಡುವಾಗ ಕಣ್ಣು ತಪ್ಪಿಸುತ್ತಾನೆ, ಅದು ನಾಚಿಕೆಯಿಂದ, ಬೇರೇನಲ್ಲ. ಸಂಜೆ ಅವರು ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಾನು ಅವರಿಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತೇನೆ. ಒಂದು ಸಂಜೆ ಏನೋ ಯೋಚನೆಯಲ್ಲಿ ತೊಳೆಯುತ್ತಲೇ ಇದ್ದೆ. ನೀರಿನ ಸದ್ದು ಸ್ವಲ್ಪ ಸಣ್ಣಗಾದ ಹಾಗಾಯಿತು. ಅಂದಿನಿಂದ ಮರೆಯುವುದಿಲ್ಲ. ಆ ಹೊತ್ತಿಗೆ ಕೈಯ ಕೆಲಸ ಬಿಟ್ಟು, ನಲ್ಲಿ ನಿಲ್ಲಿಸದೆ, ಒಮ್ಮೆ ತಿರುಗಿ ನೋಡುತ್ತೇನೆ. ಇದ್ದಾರೆ.